ಮಲೆನಾಡಿನ ಬಿಸಿಲನ್ನು ಹಗುರವಾಗಿ ಕಾಣಬೇಡಿ

ಸಕಲೇಶಪುರಕ್ಕೆ ‘ಬಡವರ ಊಟಿ’ ಎಂಬ ಹೆಸರಿದೆ. ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರ, ಪಕ್ಕದಲ್ಲಿ ಹೇಮಾವತಿ ಹೊಳೆ, ಸುತ್ತಲೂ ಕಾಫಿ ತೋಟಗಳ ನೆರಳು. ಮಂಗಳೂರಿನಿಂದ ಬರುವ ನೆಂಟರು ಬಸ್ಸಿನಿಂದ ಇಳಿದ ಕೂಡಲೇ “ನೀವು ಪುಣ್ಯವಂತರಪ್ಪ” ಎನ್ನುತ್ತಾರೆ. ಆ ಮಾತು ಕೇಳಿ ಕೇಳಿ ನಮ್ಮವರಿಗೂ ಒಂದು ನಂಬಿಕೆ ಬೆಳೆದುಬಿಟ್ಟಿದೆ. ಬಿಸಿಲಿನ ಬಗ್ಗೆ ಯಾರಾದರೂ ಎಚ್ಚರಿಕೆ ಹೇಳಿದರೆ, “ಅದೆಲ್ಲ ರಾಯಚೂರು, ಕಲಬುರಗಿಯವರಿಗೆ. ನಮಗೆ ಮಳೆಯದ್ದೇ ಚಿಂತೆ” ಎಂದು ನಗುತ್ತಾರೆ.

ಮಳೆಗಾಲಕ್ಕೆ ನಾವು ಎಷ್ಟು ಸಿದ್ಧತೆ ಮಾಡುತ್ತೇವೆ! ಸೌದೆ ಒಟ್ಟುತ್ತೇವೆ, ಹೆಂಚು ಸರಿಪಡಿಸುತ್ತೇವೆ, ಕೊಡೆ, ರೈನ್‌ಕೋಟ್, ಕಂಬಳಿ ಹೊರತೆಗೆಯುತ್ತೇವೆ, ಚರಂಡಿ ಬಿಡಿಸುತ್ತೇವೆ. ಬೇಸಿಗೆಗೆ ಏನು ಸಿದ್ಧತೆ ಮಾಡುತ್ತೇವೆ ಎಂದು ಯಾರನ್ನಾದರೂ ಕೇಳಿ ನೋಡಿ. ಫ್ರಿಜ್ಜಿನಲ್ಲಿ ಎರಡು ಬಾಟಲಿ ನೀರು ಹೆಚ್ಚಿಗೆ ಇಡುವುದನ್ನು ಬಿಟ್ಟರೆ ಬೇರೆ ಉತ್ತರ ಸಿಗುವುದಿಲ್ಲ. ಈ ತಿಂಗಳು ಆ ಬಗ್ಗೆಯೇ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಗುಡ್ಡದ ಲೆಕ್ಕವೇ ಬೇರೆ

ಭಾರತೀಯ ಹವಾಮಾನ ಇಲಾಖೆ ಬಿಸಿಗಾಳಿಯನ್ನು ಎಲ್ಲ ಊರುಗಳಿಗೂ ಒಂದೇ ಅಳತೆಗೋಲಿನಿಂದ ಅಳೆಯುವುದಿಲ್ಲ. ಬಯಲುಸೀಮೆಯಲ್ಲಿ ಗರಿಷ್ಠ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಕರಾವಳಿಯಲ್ಲಿ 37 ಡಿಗ್ರಿ ಮುಟ್ಟಿದರೆ, ಗುಡ್ಡಗಾಡು ಪ್ರದೇಶದಲ್ಲಿ 30 ಡಿಗ್ರಿ ಮುಟ್ಟಿದರೇ ಲೆಕ್ಕ ಶುರುವಾಗುತ್ತದೆ. ಆ ಉಷ್ಣಾಂಶ ಆ ಊರಿನ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಅದು ಬಿಸಿಗಾಳಿ. ಅಂದರೆ ರಾಯಚೂರಿನವರು ಹಾಯಾಗಿ ಓಡಾಡುವ ಬಿಸಿಲು ಗುಡ್ಡದವರಿಗೆ ಅಪಾಯವಾಗಬಲ್ಲದು ಎಂದು ಇಲಾಖೆಯೇ ಒಪ್ಪಿಕೊಂಡ ಹಾಗಾಯಿತು.

ಇದಕ್ಕೆ ಕಾರಣವಿದೆ. ದೇಹ ತಾನಿರುವ ಜಾಗದ ಹವೆಗೆ ಒಗ್ಗಿಕೊಂಡಿರುತ್ತದೆ. ಬಿಸಿಲಿಗೆ ಒಗ್ಗಿದ ದೇಹ ಬೇಗ ಬೆವರುತ್ತದೆ, ಹೆಚ್ಚು ಬೆವರುತ್ತದೆ, ಆದರೆ ಆ ಬೆವರಿನಲ್ಲಿ ಉಪ್ಪನ್ನು ಕಡಿಮೆ ಕಳೆದುಕೊಳ್ಳುತ್ತದೆ. ಒಗ್ಗದ ದೇಹಕ್ಕೆ ಈ ಕಲೆ ಗೊತ್ತಿರುವುದಿಲ್ಲ. ಅದನ್ನು ಕಲಿಯಲು ಅದಕ್ಕೆ ಒಂದರಿಂದ ಎರಡು ವಾರ ಬೇಕು. ಆದ್ದರಿಂದಲೇ ಮೇ ತಿಂಗಳ ನಡುಬೇಸಿಗೆಗಿಂತ ಫೆಬ್ರವರಿ ಕೊನೆ ಮತ್ತು ಮಾರ್ಚ್ ತಿಂಗಳ ಮೊದಲ ಬಿಸಿಲು ಕೆಲವೊಮ್ಮೆ ಹೆಚ್ಚು ಕಾಡುತ್ತದೆ. ನಿನ್ನೆವರೆಗೆ ಸ್ವೆಟರ್ ಹಾಕಿಕೊಂಡಿದ್ದ ಮನುಷ್ಯ ಇಂದು ದಿಢೀರನೆ ಬಿಸಿಲಿಗೆ ಬಿದ್ದಿರುತ್ತಾನೆ.

ಕಾಲವೂ ಮೊದಲಿನಂತಿಲ್ಲ. 1901ರಿಂದೀಚೆಗಿನ ದಾಖಲೆಯಲ್ಲಿ ನಮ್ಮ ದೇಶಕ್ಕೆ 2024 ಅತ್ಯಂತ ಬಿಸಿಯ ವರ್ಷ. ನಮ್ಮ ಸಕಲೇಶಪುರದಷ್ಟೇ ಎತ್ತರದಲ್ಲಿರುವ ಬೆಂಗಳೂರನ್ನು ನೋಡಿ. ಅದು ಸುಮಾರು 920 ಮೀಟರ್ ಎತ್ತರದ ಊರು. ಒಂದು ಕಾಲದಲ್ಲಿ ಫ್ಯಾನ್ ಇಲ್ಲದೆ ಬದುಕಬಹುದು ಎನ್ನುತ್ತಿದ್ದ ಊರು. 2016ರ ಏಪ್ರಿಲ್‌ನಲ್ಲಿ ಅಲ್ಲಿ 39.2 ಡಿಗ್ರಿ, 2024ರ ಏಪ್ರಿಲ್‌ನಲ್ಲಿ 38.5 ಡಿಗ್ರಿ ದಾಖಲಾಯಿತು. ನಮ್ಮಲ್ಲಿ ಮರಗಳಿವೆ, ಅಲ್ಲಿ ಕಾಂಕ್ರೀಟು ಇದೆ, ನಿಜ. ಆದರೆ ಎತ್ತರದಲ್ಲಿದ್ದೇವೆ ಎಂಬ ಒಂದೇ ಕಾರಣಕ್ಕೆ ಯಾರೂ ನಿಶ್ಚಿಂತರಾಗಿರುವಂತಿಲ್ಲ ಎಂಬುದಕ್ಕೆ ಈ ಲೆಕ್ಕ ಸಾಕು.

ತೋಟದಲ್ಲಿ ಬಿಸಿಲು ತಿನ್ನುವವರು

ನಮ್ಮ ಕಡೆ ಬಿಸಿಲು ಯಾರನ್ನು ಮುಟ್ಟುತ್ತದೆ? ಮನೆಯ ಜಗುಲಿಯಲ್ಲಿ ಕುಳಿತು ಪತ್ರಿಕೆ ಓದುವವರನ್ನಲ್ಲ. ಸಕಲೇಶಪುರ, ಹಾನುಬಾಳು, ಹೆತ್ತೂರು, ಯಸಳೂರು ಕಡೆಯ ತೋಟಗಳಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕಾಳುಮೆಣಸಿನ ಕೊಯ್ಲು. ಕಾರ್ಮಿಕ ಏಣಿ ಹತ್ತಿ ಮರದ ನೆತ್ತಿಯ ಹತ್ತಿರ ನಿಂತಿರುತ್ತಾನೆ. ಅಲ್ಲಿ ತಲೆ ತಿರುಗಿದರೆ ಅದು ಬರೀ ಸುಸ್ತಿನ ಮಾತಲ್ಲ, ಇಪ್ಪತ್ತು ಮೂವತ್ತು ಅಡಿಯಿಂದ ಕೆಳಗೆ ಬೀಳುವ ಮಾತು. ಕೊಯ್ದ ಕಾಫಿ, ಮೆಣಸನ್ನು ಒಣಗಿಸುವ ಸಿಮೆಂಟಿನ ಕಣ ಇನ್ನೊಂದು ಜಾಗ. ಮೆಣಸು ಒಣಗಲು ನಡುಮಧ್ಯಾಹ್ನದ ಬಿಸಿಲೇ ಬೇಕು. ಅದೇ ಬಿಸಿಲಿನಲ್ಲಿ ಬರಿಗಾಲಲ್ಲಿ ಹೆಂಗಸರು ಅದನ್ನು ಮಗುಚುತ್ತಿರುತ್ತಾರೆ. ಮೇಲಿನಿಂದ ಸೂರ್ಯ, ಕೆಳಗಿನಿಂದ ಸಿಮೆಂಟು. ಆಲೂರು ತಾಲ್ಲೂಕಿನ ಶುಂಠಿ ಹೊಲಗಳಲ್ಲಿ ಮಡಿ ಮಾಡಿ ಬೀಜ ಊರುವ ಕೆಲಸವೂ ಇದೇ ಬೇಸಿಗೆಯಲ್ಲಿ. ಕಾಫಿ ತೋಟದಲ್ಲಾದರೂ ನೆರಳಿದೆ, ಶುಂಠಿ ಹೊಲದಲ್ಲಿ ಒಂದು ಗಿಡದ ನೆರಳೂ ಇರುವುದಿಲ್ಲ.

ಇಂಥವರಿಗೆ ಪತ್ರಿಕೆ, ಟಿವಿಗಳಲ್ಲಿ ಬರುವ ಸಲಹೆ ಏನು? “ಬೆಳಿಗ್ಗೆ ಬೇಗ ಕೆಲಸ ಶುರು ಮಾಡಿ, ಮಧ್ಯಾಹ್ನ ವಿಶ್ರಾಂತಿ ತೆಗೆದುಕೊಳ್ಳಿ, ಸಂಜೆ ತಂಪಾದ ಮೇಲೆ ಮುಂದುವರಿಸಿ.” ಬಯಲುಸೀಮೆಗೆ ಇದು ಚೆನ್ನಾದ ಸಲಹೆಯೇ. 2025ರ ಏಪ್ರಿಲ್, ಮೇ ತಿಂಗಳುಗಳಲ್ಲಿ ರಾಜ್ಯ ಸರ್ಕಾರ ಉತ್ತರ ಕರ್ನಾಟಕದ ಕೆಲವು ಜಿಲ್ಲೆಗಳ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸಿತು. ಆದರೆ ಆಲೂರು, ಸಕಲೇಶಪುರದ ತೋಟದಲ್ಲಿ ಬೆಳಿಗ್ಗೆ ಐದೂವರೆಗೆ ಹೊರಟರೆ ದಾರಿಯಲ್ಲಿ ಯಾರು ಸಿಗುತ್ತಾರೆಂದು ಇಲ್ಲಿಯ ಮಕ್ಕಳಿಗೂ ಗೊತ್ತು. ಆನೆ!

ಕಾಡಾನೆ ನಮ್ಮಲ್ಲಿ ಇಂದು ನಿನ್ನೆಯ ಸಮಸ್ಯೆಯಲ್ಲ. ಹೈಕೋರ್ಟಿನ ಆದೇಶದಂತೆ ರಚನೆಯಾಗಿದ್ದ ಆನೆ ಕಾರ್ಯಪಡೆ 2012ರಲ್ಲೇ ಆಲೂರು ಭಾಗದ ಆನೆಗಳನ್ನು ಬೇರೆಡೆಗೆ ಸಾಗಿಸಬೇಕೆಂದು ವರದಿ ಕೊಟ್ಟಿತ್ತು. ಆನೆಗಳು ಹಗಲು ತೋಟದ ನೆರಳಿನಲ್ಲಿ ನಿಂತು, ಮುಸ್ಸಂಜೆಯಿಂದ ಮುಂಜಾನೆಯವರೆಗೆ ತಿರುಗಾಡುತ್ತವೆ. ಬಿಸಿಲಿನಿಂದ ತಪ್ಪಿಸಿಕೊಳ್ಳಲು ಮನುಷ್ಯನಿಗೆ ಯಾವ ಹೊತ್ತು ಬೇಕೋ ಆನೆಗೂ ಅದೇ ಹೊತ್ತು ಬೇಕು. ಹೀಗಾಗಿ ಬೇರೆ ಊರಿನ ಸಲಹೆಯನ್ನು ಕಣ್ಣುಮುಚ್ಚಿ ಪಾಲಿಸಿದರೆ ನಮ್ಮ ಕಾರ್ಮಿಕ ಬಿಸಿಲಿನಿಂದ ತಪ್ಪಿಸಿಕೊಂಡು ಆನೆಯ ಕಾಲಿಗೆ ಬಿದ್ದಾನು.

ಹಾಗಾದರೆ ಏನು ಮಾಡಬೇಕು? ಕೆಲಸ ಶುರುವಾಗುವುದು ಬೆಳಕು ಹರಿದ ಮೇಲೆಯೇ ಇರಲಿ. ಕಾರ್ಮಿಕರನ್ನು ಒಬ್ಬೊಬ್ಬರಾಗಿ ನಡೆಸದೆ ವಾಹನದಲ್ಲಿ ಒಟ್ಟಾಗಿ ಕರೆತರಲಿ. ಅರಣ್ಯ ಇಲಾಖೆಯಿಂದ ಬರುವ ಆನೆ ಸಂಚಾರದ ಮಾಹಿತಿಯನ್ನು ಮೊದಲು ವಿಚಾರಿಸಲಿ. ಬಿಸಿಲಿನಲ್ಲಿ ಮಾಡಬೇಕಾದ ಕೆಲಸವನ್ನು ಹನ್ನೊಂದೂವರೆಯೊಳಗೆ ಮುಗಿಸಿ, 12ರಿಂದ 3ರವರೆಗೆ ನೆರಳಿನ ಕೆಲಸ ಇಟ್ಟುಕೊಳ್ಳಲಿ. ಕಾಳು ಬಿಡಿಸುವುದು, ಚೀಲ ಹೊಲಿಯುವುದು, ಗೋದಾಮಿನ ಕೆಲಸ ಹೀಗೆ ಎಷ್ಟೋ ಇವೆ. ಕಣದ ಕೆಲಸವನ್ನು ಒಬ್ಬರ ತಲೆಗೇ ಕಟ್ಟದೆ ಇಪ್ಪತ್ತು ನಿಮಿಷಕ್ಕೊಮ್ಮೆ ಬದಲಾಯಿಸಲಿ. ಹೊರ ಜಿಲ್ಲೆ, ಹೊರ ರಾಜ್ಯದಿಂದ ಹೊಸದಾಗಿ ಬಂದವರಿಗೆ ಮೊದಲ ವಾರ ಅರ್ಧದಷ್ಟು ಕೆಲಸ ಕೊಟ್ಟು ನಿಧಾನವಾಗಿ ಹೆಚ್ಚಿಸಲಿ. ಇದಕ್ಕೆ ಮಾಲೀಕರ ಗಂಟು ಕರಗುವುದಿಲ್ಲ. ಕೂಲಿಯವನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ನಮಗೆ ಕಲಿಸಲಾಗಿದೆ. ಆ ಬೆವರು ಅವನ ಪ್ರಾಣವನ್ನೇ ತೆಗೆಯದಂತೆ ನೋಡಿಕೊಳ್ಳುವುದೂ ಆ ಕಲಿಕೆಯ ಒಳಗೇ ಬರುತ್ತದಲ್ಲವೇ?

ಮನೆಯೊಳಗಿನ ಬಿಸಿ

ಹಿಂದೆ ನಮ್ಮ ಮನೆಗಳಿಗೆ ಮಂಗಳೂರು ಹೆಂಚು ಇತ್ತು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಶುರು ಮಾಡಿದ ಹೆಂಚಿನ ಕಾರ್ಖಾನೆಯ ಉಪಕಾರ ಅದು. ಹೆಂಚುಗಳ ಸಂದಿನಿಂದ ಬಿಸಿಗಾಳಿ ಮೇಲೆ ಹೋಗುತ್ತಿತ್ತು, ಅಟ್ಟ ಬಿಸಿಲನ್ನು ತಡೆಯುತ್ತಿತ್ತು. ಈಗ ತಾರಸಿ ಮನೆಗಳು, ತಗಡಿನ ಶೀಟುಗಳು ಬಂದಿವೆ. ತೋಟದ ಲೈನ್ ಮನೆಗಳಲ್ಲಿ ಶೀಟಿನ ಕೆಳಗೆ ಮಧ್ಯಾಹ್ನ ಮಗು ಮಲಗಿಸುವುದೂ ಕಷ್ಟ. ಮಳೆಗೆಂದು ಕಟ್ಟಿದ ಚಿಕ್ಕ ಕಿಟಕಿಗಳು ಬೇಸಿಗೆಯಲ್ಲಿ ಗಾಳಿಯನ್ನೂ ಒಳಗೆ ಬಿಡುವುದಿಲ್ಲ.

ದೊಡ್ಡ ಖರ್ಚಿಲ್ಲದ ಉಪಾಯಗಳಿವೆ. ತಾರಸಿಗೆ ಅಥವಾ ಶೀಟಿಗೆ ಬಿಳಿ ಸುಣ್ಣ ಬಳಿದರೆ ಬಿಸಿಲು ಹಿಂದಕ್ಕೆ ಚಿಮ್ಮಿ ಒಳಗಿನ ಬಿಸಿ ಇಳಿಯುತ್ತದೆ. ಶೀಟಿನ ಮೇಲೆ ತೆಂಗಿನ ಗರಿಯನ್ನೋ ಹುಲ್ಲನ್ನೋ ಹೊದಿಸಬಹುದು, ಆದರೆ ಬೆಂಕಿಯ ಬಗ್ಗೆ ಎಚ್ಚರವಿರಲಿ. ಬಿಸಿಲು ಬೀಳುವ ಕಿಟಕಿಗೆ ಹಗಲು ಪರದೆ ಹಾಕಿ, ರಾತ್ರಿ ತೆರೆದಿಡಿ. ಅಡುಗೆಮನೆಯ ಕಿಟಕಿ ಮಾತ್ರ ಯಾವಾಗಲೂ ತೆರೆದಿರಲಿ. ಒಲೆಯ ಮುಂದೆ ಎರಡು ಗಂಟೆ ನಿಲ್ಲುವ ಮನೆಯೊಡತಿ ತೋಟದ ಕಾರ್ಮಿಕಳಷ್ಟೇ ಬಿಸಿ ತಿನ್ನುತ್ತಾಳೆ ಎಂಬುದು ಊಟ ಮಾಡುವವರ ಗಮನಕ್ಕೆ ಬರುವುದೇ ಇಲ್ಲ.

ಹೆಂಗಸರ ಇನ್ನೊಂದು ಕಷ್ಟವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ತೋಟದಲ್ಲಿ, ಸಂತೆಯಲ್ಲಿ, ಬಸ್ ಪ್ರಯಾಣದಲ್ಲಿ ಶೌಚಾಲಯ ಸಿಗುವುದಿಲ್ಲವೆಂದು ಅವರು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ತಲೆನೋವು, ಉರಿಮೂತ್ರ, ಮೂತ್ರಕೋಶದ ಸೋಂಕು ಎಂದು ಆಮೇಲೆ ಆಸ್ಪತ್ರೆಗೆ ಅಲೆಯುತ್ತಾರೆ. “ನೀರು ಕುಡಿಯಿರಿ” ಎಂದು ಹೇಳುವ ಮೊದಲು ಶೌಚಾಲಯ ಕಟ್ಟಿಸಿಕೊಡಬೇಕಾದದ್ದು ತೋಟದವರ, ಪಂಚಾಯಿತಿಯವರ, ಮಸೀದಿ ಮತ್ತು ಶಾಲಾ ಸಮಿತಿಯವರ ಕೆಲಸ.

ಬುರ್ಖಾದ ವಿಷಯವನ್ನೂ ಹೇಳಿಬಿಡುತ್ತೇನೆ. ಮಾರುಕಟ್ಟೆಯಲ್ಲಿ ಸಿಗುವ ಕಪ್ಪು ಪಾಲಿಯೆಸ್ಟರ್ ಬಟ್ಟೆ ಬಿಸಿಲನ್ನು ಹೀರುತ್ತದೆ, ಬೆವರನ್ನು ಹೀರುವುದಿಲ್ಲ. ಮೈ ಮುಚ್ಚಬೇಕೆಂದು ಧರ್ಮ ಹೇಳಿದೆಯೇ ಹೊರತು ಪಾಲಿಯೆಸ್ಟರ್‌ನಿಂದಲೇ ಮುಚ್ಚಬೇಕೆಂದು ಹೇಳಿಲ್ಲ. ಸಡಿಲವಾದ, ತೆಳುಬಣ್ಣದ ಹತ್ತಿಯ ಬಟ್ಟೆ ಹೊಲಿಸಿಕೊಳ್ಳಿ. ಬಿಸಿಲೇ ತುಂಬಿದ ಅರಬ್ ನಾಡಿನಲ್ಲಿ ಗಂಡಸರು ಬಿಳಿ, ಸಡಿಲ ಉಡುಪು ತೊಡುವುದು ಸುಮ್ಮನೆ ಅಲ್ಲ. ಹೆಣ್ಣುಮಕ್ಕಳಿಗೂ ಆ ನೆಮ್ಮದಿ ಸಿಗಲಿ.

ಉಪವಾಸ ಮತ್ತು ಬಿಸಿಲು

2023ರಲ್ಲೂ 2024ರಲ್ಲೂ ರಮಝಾನ್ ಮಾರ್ಚ್–ಏಪ್ರಿಲ್ ತಿಂಗಳ ಬಿಸಿಲಿನಲ್ಲೇ ಬಂತು. ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುವ ತಿಂಗಳಾದ್ದರಿಂದ ಅದು ಈಗ ಚಳಿಗಾಲದತ್ತ ನಡೆದಿದೆ. ಆದರೂ ಬಿಟ್ಟುಹೋದ ಉಪವಾಸಗಳನ್ನು, ಐಚ್ಛಿಕ ಉಪವಾಸಗಳನ್ನು ಬೇಸಿಗೆಯಲ್ಲಿ ಹಿಡಿಯುವವರಿದ್ದಾರೆ. ಅವರು ಸಹ್ರಿಯನ್ನು ಬಿಡಬಾರದು. ಉಪ್ಪಿನಕಾಯಿ, ಕರಿದದ್ದು, ಅತಿ ಖಾರ ಬಾಯಾರಿಕೆ ಹೆಚ್ಚಿಸುತ್ತವೆ. ಇಫ್ತಾರ್‌ನಿಂದ ಮಲಗುವವರೆಗೆ ನೀರನ್ನು ಸ್ವಲ್ಪ ಸ್ವಲ್ಪವಾಗಿ ಕುಡಿಯಬೇಕು, ಒಮ್ಮೆಲೇ ಎರಡು ಲೋಟ ಐಸ್ ಶರಬತ್ತು ಸುರಿದುಕೊಳ್ಳುವುದರಿಂದ ಪ್ರಯೋಜನವಿಲ್ಲ.

ರೋಗಿಗೂ ಪ್ರಯಾಣಿಕನಿಗೂ ಉಪವಾಸವನ್ನು ಬೇರೆ ದಿನಗಳಿಗೆ ಮುಂದೂಡುವ ರಿಯಾಯಿತಿಯನ್ನು ಕುರ್‌ಆನಿನ ಅಲ್‌ಬಕರಾ ಅಧ್ಯಾಯದಲ್ಲೇ ಕೊಡಲಾಗಿದೆ. ಬಿಸಿಲಿನಲ್ಲಿ ದುಡಿಯುವವನು ಪ್ರಾಣಕ್ಕೇ ಅಪಾಯವೆನಿಸುವಷ್ಟು ಬಳಲಿದರೆ ಉಪವಾಸ ಮುರಿದು ಆಮೇಲೆ ತೀರಿಸಬಹುದೆಂದು ವಿದ್ವಾಂಸರು ಹೇಳಿದ್ದಾರೆ. ಸುಡುಬಿಸಿಲಿನ ದಿನಗಳಲ್ಲಿ ಝುಹ್ರ್ ನಮಾಝನ್ನು ತಂಪಾಗುವವರೆಗೆ ತಡಮಾಡಿ ನಿರ್ವಹಿಸುವ ಬೋಧನೆ ಬುಖಾರಿ, ಮುಸ್ಲಿಂ ಎರಡೂ ಹದೀಸ್ ಸಂಗ್ರಹಗಳಲ್ಲಿದೆ. ಆರಾಧನೆಯ ಹೊತ್ತನ್ನೇ ಬಿಸಿಲಿಗಾಗಿ ಹೊಂದಿಸಿಕೊಳ್ಳಬಹುದಾದರೆ ಕೂಲಿಯ ಹೊತ್ತನ್ನು ಹೊಂದಿಸಬಾರದೆಂದು ಹಟ ಹಿಡಿಯುವುದು ಯಾವ ನ್ಯಾಯ?

ಘಟ್ಟ ಇಳಿಯುವಾಗ

ಮದುವೆಗೆ, ಆಸ್ಪತ್ರೆಗೆ, ವಿಮಾನ ನಿಲ್ದಾಣಕ್ಕೆ ನಾವು ಶಿರಾಡಿ ಘಾಟಿಯಲ್ಲಿ ಮಂಗಳೂರಿಗೆ ಇಳಿಯುತ್ತೇವೆ. ಸಕಲೇಶಪುರದಿಂದ ಗುಂಡ್ಯ ತಲುಪುವಷ್ಟರಲ್ಲಿ ಏಳೆಂಟುನೂರು ಮೀಟರ್ ಕೆಳಗೆ ಬಂದಿರುತ್ತೇವೆ. ಸಾವಿರ ಮೀಟರಿಗೆ ಸುಮಾರು ಆರು ಡಿಗ್ರಿ ಎಂಬ ಲೆಕ್ಕದಲ್ಲಿ ನಾಲ್ಕೈದು ಡಿಗ್ರಿ ಹೆಚ್ಚು ಬಿಸಿ, ಜೊತೆಗೆ ಕಡಲ ತೇವ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಂಪಾಗುವುದಿಲ್ಲ. ಆದ್ದರಿಂದ ಮಕ್ಕಳು, ವೃದ್ಧರು ಜೊತೆಗಿದ್ದರೆ ಬೆಳಗಿನ ಪ್ರಯಾಣವೇ ಒಳ್ಳೆಯದು. ಕಾರನ್ನು ಬಿಸಿಲಲ್ಲಿ ನಿಲ್ಲಿಸಿ “ಐದೇ ನಿಮಿಷ” ಎಂದು ಮಗುವನ್ನು ಒಳಗೆ ಬಿಟ್ಟು ಹೋಗಬೇಡಿ. ಮುಚ್ಚಿದ ಕಾರಿನೊಳಗೆ ಹತ್ತು ನಿಮಿಷದಲ್ಲಿ ಸುಮಾರು ಹತ್ತು ಡಿಗ್ರಿ ಬಿಸಿ ಏರುತ್ತದೆ.

ಹಜ್ಜ್‌ಗೆ ಹೊರಟವರಿಗೂ ಈ ಮಾತು ಅನ್ವಯಿಸುತ್ತದೆ. 2024ರ ಜೂನ್‌ನಲ್ಲಿ ಮಕ್ಕಾದಲ್ಲಿ ಉಷ್ಣಾಂಶ 51.8 ಡಿಗ್ರಿ ತಲುಪಿತ್ತು. ಆ ವರ್ಷ 1,301 ಯಾತ್ರಿಕರು ಮೃತಪಟ್ಟರೆಂದು ಸೌದಿ ಸರ್ಕಾರ ತಿಳಿಸಿತು. ಅವರಲ್ಲಿ ನೂರಕ್ಕೆ 83 ಮಂದಿ ಅಧಿಕೃತ ಪರವಾನಗಿ ಇಲ್ಲದೆ, ತಂಪು ಡೇರೆ, ವಾಹನಗಳ ಸೌಕರ್ಯ ಸಿಗದೆ, ಬಿಸಿಲಲ್ಲಿ ದೂರ ನಡೆದವರು. ಮಲೆನಾಡಿನ ತಂಪಿನಿಂದ ಹೊರಡುವ ಹಿರಿಯರು ಎರಡು ವಾರ ಮೊದಲೇ ದಿನಕ್ಕೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಹಗಲಿನಲ್ಲಿ ನಡೆದು ದೇಹವನ್ನು ಸಿದ್ಧಗೊಳಿಸಲಿ. ಅಧಿಕೃತ ದಾರಿಯಲ್ಲೇ ಹೋಗಲಿ.

ಲಕ್ಷಣಗಳು ಮತ್ತು ಮೊದಲ ಆರೈಕೆ

ಬಿಸಿಲಿನ ಕಾಯಿಲೆ ಮೆಟ್ಟಿಲು ಮೆಟ್ಟಿಲಾಗಿ ಏರಬಹುದು. ಮೊದಲು ಕಾಲಿನ, ಹೊಟ್ಟೆಯ ಸ್ನಾಯು ಸೆಳೆತ. ಆಮೇಲೆ ಅತಿ ಬೆವರು, ತಲೆಸುತ್ತು, ವಾಕರಿಕೆ, ಸುಸ್ತು. ಇಲ್ಲಿಯವರೆಗೆ ನೆರಳು, ವಿಶ್ರಾಂತಿ, ಉಪ್ಪು ಸಕ್ಕರೆ ಬೆರೆಸಿದ ನೀರು ಕೊಟ್ಟರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಮೂರನೆಯದು ಬಿಸಿಲಾಘಾತ. ದೇಹದ ಉಷ್ಣಾಂಶ 40 ಡಿಗ್ರಿ ದಾಟುತ್ತದೆ, ಮಾತು ತೊದಲುತ್ತದೆ, ಮನುಷ್ಯ ಅಸಂಬದ್ಧವಾಗಿ ನಡೆದುಕೊಳ್ಳುತ್ತಾನೆ ಅಥವಾ ಪ್ರಜ್ಞೆ ತಪ್ಪುತ್ತಾನೆ. “ಕುಡಿದಿದ್ದಾನೆ” ಎಂದು ಜನ ಪಕ್ಕಕ್ಕೆ ಸರಿಯುವುದುಂಟು. ಚರ್ಮ ಒಣಗಿರಲೇಬೇಕೆಂದಿಲ್ಲ, ದುಡಿಯುತ್ತಿದ್ದವನಾದರೆ ಬೆವರಿರಲೂಬಹುದು. ಕೆಲವರಿಗೆ ಮೊದಲ ಎರಡು ಮೆಟ್ಟಿಲು ಕಾಣದೆಯೇ ಇದು ಬರುತ್ತದೆ.

ಇಂಥವರನ್ನು ಕಂಡರೆ 108ಕ್ಕೆ ಕರೆ ಮಾಡಿ. ಅದು ಬರುವವರೆಗೆ ಕಾಯುತ್ತ ನಿಲ್ಲಬೇಡಿ. ನೆರಳಿಗೆ ತನ್ನಿ, ಬಿಗಿ ಬಟ್ಟೆ ಸಡಿಲಿಸಿ, ಮೈಮೇಲೆಲ್ಲ ನೀರು ಸುರಿದು ಗಾಳಿ ಬೀಸಿ, ಕತ್ತು, ಕಂಕುಳು, ತೊಡೆಸಂದಿಗೆ ತಣ್ಣೀರ ಬಟ್ಟೆ ಇಡಿ. ಹೆಣ್ಣುಮಗಳಾದರೆ ಮುಟ್ಟಲು ಹಿಂಜರಿದು ಹೊತ್ತು ಕಳೆಯಬೇಡಿ, ಹತ್ತಿರದ ಹೆಂಗಸರನ್ನು ಕೂಗಿ. ಯಾರೂ ಇಲ್ಲದಿದ್ದರೆ ಪ್ರಾಣ ಉಳಿಸುವುದೇ ಮೊದಲು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಪ್ಯಾರಾಸಿಟಮಾಲ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಯಾಕೆಂದರೆ ಇದು ಜ್ವರವಲ್ಲ. ಹೆತ್ತೂರು, ಯಸಳೂರು ಕಡೆಯ ತೋಟದಿಂದ ಪೇಟೆಯ ಆಸ್ಪತ್ರೆಗೆ ಬರಲು ಸಾಕಷ್ಟು ಹೊತ್ತು ಬೇಕು. ಆ ಹೊತ್ತಿನಲ್ಲಿ ನೀವು ಮೈ ತಂಪು ಮಾಡಿದ್ದೇ ಜೀವ ಉಳಿಸುತ್ತದೆ.

ಓಆರ್‌ಎಸ್ ಪೊಟ್ಟಣ ಪ್ರತಿ ಮನೆಯಲ್ಲೂ ಇರಲಿ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಬೀಸ್ ಉಪ್ಪು, ಗ್ಲೂಕೋಸ್ ಬೆರೆಸಿದ ನೀರಿನಿಂದಲೇ ಅಸಂಖ್ಯ ಜೀವ ಉಳಿಸಿದರು. 2023ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಸಂದಿತು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಿ. ಅಂಗಡಿಯಲ್ಲಿ ಓಆರ್‌ಎಸ್ ಹೆಸರಿನ ಸಿಹಿ ಪಾನೀಯದ ಪೊಟ್ಟಣಗಳನ್ನು ನಂಬಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಇಲ್ಲದ ಪಾನೀಯಗಳಿಗೆ ಆ ಹೆಸರು ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ನಮ್ಮ ಮಜ್ಜಿಗೆ, ಗಂಜಿ ತಿಳಿ, ಎಳನೀರು, ಲಿಂಬೆ ಶರಬತ್ತು ಇವು ದಿನನಿತ್ಯಕ್ಕೆ ಸಾಕು. ಆರು ತಿಂಗಳೊಳಗಿನ ಶಿಶುವಿಗೆ ಮಾತ್ರ ಬೇಸಿಗೆಯಲ್ಲೂ ತಾಯಿಯ ಹಾಲೇ ನೀರು, ಬೇರೆ ನೀರು ಬೇಡ. ಹಾಲುಣಿಸುವ ತಾಯಿ ಹೆಚ್ಚು ನೀರು ಕುಡಿಯಲಿ. ರಕ್ತದೊತ್ತಡಕ್ಕೆ, ಹೃದಯಕ್ಕೆ, ಮಾನಸಿಕ ಕಾಯಿಲೆಗೆ ಮಾತ್ರೆ ನುಂಗುವವರು ಬೇಸಿಗೆಗೆ ಮೊದಲೇ ವೈದ್ಯರನ್ನು ಕಾಣಲಿ. ಕೆಲವು ಮಾತ್ರೆಗಳು ದೇಹದ ನೀರನ್ನು ಹೊರಹಾಕುತ್ತವೆ, ಕೆಲವು ಬೆವರನ್ನು ತಡೆಯುತ್ತವೆ. ತಾವಾಗಿಯೇ ಮಾತ್ರೆ ನಿಲ್ಲಿಸುವುದೂ ಅಪಾಯವೇ.

ರಜೆಯ ಮಕ್ಕಳು

ಮೇಷ್ಟ್ರಾದ ನನಗೆ ಬೇಸಿಗೆ ರಜೆ ಎಂದರೆ ಸಂತೋಷಕ್ಕಿಂತ ಆತಂಕವೇ ಜಾಸ್ತಿ. ಸೆಕೆಗೆ ಮಕ್ಕಳು ಹೇಮಾವತಿಗೆ, ಕೆರೆಗಳಿಗೆ, ಶುಂಠಿಗೆಂದು ತೋಡಿದ ಕೃಷಿ ಹೊಂಡಗಳಿಗೆ ಹಾರುತ್ತಾರೆ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದಲ್ಲಿ ಒಮ್ಮೆ ಜಾರಿದರೆ ಹತ್ತಲು ಹಿಡಿತವೇ ಸಿಗದು. ಬೇಲಿ ಇಲ್ಲದ ಹೊಂಡಕ್ಕೆ ಒಂದು ಬೇಲಿ, ಒಳಗೆ ಗಂಟು ಹಾಕಿದ ಒಂದು ಹಗ್ಗ, ಇಷ್ಟು ಸಾಕು. ಮಕ್ಕಳಿಗೆ ಈಜನ್ನು ಹಿರಿಯರೇ ನಿಂತು ಕಲಿಸಿ. ಸಂಜೆಯ ಗುಡುಗಿನ ಮಳೆ ಬಂದಾಗ ಮರದಡಿ, ಮೈದಾನದಲ್ಲಿ ನಿಲ್ಲಬಾರದೆಂದು ಹೇಳಿಕೊಡಿ. ಕಾಫಿ ಹೂವಿಗೆ ಬೇಕಾದ ಮಳೆ ಸಿಡಿಲನ್ನೂ ಜೊತೆಗೆ ತರುತ್ತದೆ.

ಶಾಲೆ ನಡೆಯುವ ದಿನಗಳಲ್ಲಿ ‘ನೀರಿನ ಗಂಟೆ’ ಇರಲಿ. 2019ರಲ್ಲಿ ಕೇರಳದ ಶಾಲೆಗಳಲ್ಲಿ ಶುರುವಾಗಿ ನಮ್ಮ ರಾಜ್ಯಕ್ಕೂ ಬಂದ ಒಳ್ಳೆಯ ಪದ್ಧತಿ ಇದು. ಗಂಟೆ ಹೊಡೆದಾಗ ಮಕ್ಕಳೆಲ್ಲ ಒಟ್ಟಿಗೆ ನೀರು ಕುಡಿಯುತ್ತಾರೆ. ನಮ್ಮ ಮದ್ರಸಗಳಲ್ಲೂ ಇದನ್ನು ಮಾಡಲು ಏನು ಅಡ್ಡಿ?

ಒಂದು ಮಡಕೆ ನೀರು

ಅಹಮದಾಬಾದ್ ನಗರ 2010ರ ಮೇ ತಿಂಗಳ ಬಿಸಿಗಾಳಿಗೆ ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು. ಆ ಪೆಟ್ಟಿನಿಂದ ಎಚ್ಚೆತ್ತು 2013ರಲ್ಲಿ ಒಂದು ಯೋಜನೆ ಮಾಡಿತು. ಮುಂಚಿತ ಎಚ್ಚರಿಕೆ, ವೈದ್ಯರಿಗೆ ತರಬೇತಿ, ಬೀದಿಬೀದಿಯಲ್ಲಿ ಕುಡಿಯುವ ನೀರು, ಬಡವರ ಮಾಡಿಗೆ ಬಿಳಿ ಬಣ್ಣ. ಇದರಲ್ಲಿ ನಮ್ಮ ಊರಿಗೆ ಎಟುಕದ್ದು ಏನಿದೆ? ನಾವು ಪೆಟ್ಟು ಬೀಳುವವರೆಗೆ ಕಾಯಬೇಕೆಂದೇನೂ ಇಲ್ಲ.

ಕನ್ನಡ ನಾಡಿನಲ್ಲಿ ಅರವಟ್ಟಿಗೆ ಎಂಬ ಸುಂದರ ಪದ್ಧತಿ ಇತ್ತು. ದಾರಿಹೋಕರಿಗೆ ಬೇಸಿಗೆಯಲ್ಲಿ ನೀರು, ಮಜ್ಜಿಗೆ ಕೊಡುವ ಚಪ್ಪರ. ಕೊಡುವವನು ಯಾರು, ಕುಡಿಯುವವನು ಯಾರು ಎಂದು ಅಲ್ಲಿ ಕೇಳುತ್ತಿರಲಿಲ್ಲ. ಬಾಯಾರಿದ ನಾಯಿಗೆ ಬಾವಿಯಿಂದ ನೀರು ತೆಗೆದು ಕುಡಿಸಿದವನ ಪಾಪಗಳು ಕ್ಷಮಿಸಲ್ಪಟ್ಟ ಕತೆಯನ್ನು ನಾವು ಮದ್ರಸದ ಚಿಕ್ಕ ತರಗತಿಯಲ್ಲೇ ಕೇಳಿದ್ದೇವೆ. ಸಕಲೇಶಪುರದ ಬಸ್ ನಿಲ್ದಾಣದ ಬಳಿ, ಬಾಳ್ಳುಪೇಟೆಯ ಹೆದ್ದಾರಿಯ ಬದಿ, ಆಲೂರಿನ ಸಂತೆಯಲ್ಲಿ, ಮಸೀದಿಯ ಗೇಟಿನ ಹೊರಗೆ ಒಂದೊಂದು ಮಡಕೆ ಇಡಿ. ಮುಚ್ಚಳ ಇರಲಿ, ಉದ್ದ ಹಿಡಿಯ ಸೌಟು ಇರಲಿ, ಕಾಯಿಸಿ ಆರಿಸಿದ ನೀರಿರಲಿ, ದಿನವೂ ತೊಳೆಯುವವರೊಬ್ಬರು ಇರಲಿ. ಗೇಟಿನ ಹೊರಗೆ ಎಂದು ಬೇಕೆಂದೇ ಹೇಳಿದೆ, ಯಾರೂ ಸಂಕೋಚಪಡದೆ ಕುಡಿಯುವಂತಾಗಲಿ.

ಈ ವಾರವೇ ಮೂರು ಕೆಲಸ ಮಾಡಿ. ಮನೆಯಲ್ಲಿ ನಾಲ್ಕು ಓಆರ್‌ಎಸ್ ಪೊಟ್ಟಣ ತಂದಿಡಿ. ನಿಮ್ಮ ಬೀದಿಯಲ್ಲಿ ಒಂಟಿಯಾಗಿರುವ ವೃದ್ಧರ ಮನೆಗೆ ಮಧ್ಯಾಹ್ನ ಒಮ್ಮೆ ಹೋಗಿ ಬನ್ನಿ. ನಿಮ್ಮ ಬಳಿ ಕೂಲಿಗೆ ಬರುವವರ ಮಧ್ಯಾಹ್ನದ ಹೊತ್ತನ್ನು ಸ್ವಲ್ಪ ಹಿಂದೆ ಮುಂದೆ ಮಾಡಿಕೊಡಿ. ಮಳೆಗೆ ಹೆದರಿ ಸೌದೆ ಒಟ್ಟಿದ ಕೈಗಳಿಗೆ ಇದೇನೂ ಭಾರವಾಗದು.